ಮನೆತನಕ್ಕೊಂದು ಲಾಂಛನ: ಮಾದರಿ ಹರಿಹರದಲ್ಲೇ ಇದೆ

ದಾವಣಗೆರೆ: ಹೊಯ್ಸಳರಿಗೆ ಹುಲಿಯನ್ನು ಇರಿಯುವ ಸಳ, ಬಾದಾಮಿ ಚಾಲುಕ್ಯರಿಗೆ ವರಾಹ, ಮೈಸೂರು ಒಡೆಯರಿಗೆ ಗಂಡಭೇರುಂಡ. ಲಾಂಛನವೆಂದರೆ ಅರಸರ ಸೊತ್ತು ಎಂಬ ಭಾವನೆ ಸಾಮಾನ್ಯ. ಆದರೆ ಸಾಧಾರಣ ಕುಟುಂಬವೂ ತನ್ನದೇ ಲಾಂಛನವನ್ನು ರೂಪಿಸಿಕೊಳ್ಳಬಹುದು.

ಯೂರೋಪಿನಲ್ಲಿ 12ನೇ ಶತಮಾನದಿಂದ ಗುರಾಣಿಯ ಮೇಲಿನ ಚಿತ್ರವೇ ವಂಶದ ಗುರುತಾಯಿತು. ಇಂಗ್ಲೆಂಡಿನಲ್ಲಿ ಇದನ್ನು ನೋಡಿಕೊಳ್ಳಲು 1484ರಲ್ಲಿ ಪ್ರತ್ಯೇಕ ಸಂಸ್ಥೆಯೇ ಸ್ಥಾಪನೆಗೊಂಡಿತು. ಭಾರತದಲ್ಲಿ ಅಂತಹ ಸಂಸ್ಥೆಯಿಲ್ಲ. ಹೀಗಾಗಿ ಕುಟುಂಬದ ಲಾಂಛನಕ್ಕೆ ಯಾರ ಮಂಜೂರಾತಿಯೂ ಬೇಕಿಲ್ಲ. ಅದರಿಂದ ಯಾವ ಪದವಿಯೂ ದೊರೆಯುವುದಿಲ್ಲ.

ಬೆಡಗಿನ ಗುರುತು

ಕನ್ನಡ ನಾಡಿನ ಹಲವು ಸಮುದಾಯಗಳಲ್ಲಿ ಬೇವು, ಜೀರಿಗೆ, ಆನೆ ಮುಂತಾದ ಹೆಸರಿನ ಬೆಡಗುಗಳಿವೆ. ಆಯಾ ಬೆಡಗಿನವರು ಆ ಗಿಡ ಅಥವಾ ಪ್ರಾಣಿಯನ್ನು ಗೌರವದಿಂದ ಕಾಣುವುದು ರೂಢಿ. ಲಾಂಛನಕ್ಕೆ ಇದಕ್ಕಿಂತ ಉತ್ತಮ ಆಕರ ಬೇರೊಂದಿಲ್ಲ. ಆದರೆ ಮದುವೆಯಾದ ಹೆಣ್ಣು ಗಂಡನ ಬೆಡಗಿಗೆ ಸೇರುವುದರಿಂದ ಆಕೆಯ ತವರಿನ ಗುರುತು ಮುಂದಿನ ತಲೆಮಾರಿಗೆ ಮರೆತೇ ಹೋಗುತ್ತದೆ.

ಇದಕ್ಕೆ ಪರಿಹಾರದ ಮಾದರಿ ಹರಿಹರದಲ್ಲಿದೆ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಮೂರ್ತಿಯಲ್ಲಿ ಬಲಭಾಗ ಶಿವ, ಎಡಭಾಗ ವಿಷ್ಣು. ಎರಡೂ ಸೇರಿ ಒಂದೇ ದೇಹ, ಯಾವುದೂ ಅಳಿದಿಲ್ಲ. ಯೂರೋಪಿನ ಗುರಾಣಿಗಳಲ್ಲಿಯೂ ಪತಿಯ ಚಿಹ್ನೆ ಬಲಕ್ಕೆ, ಪತ್ನಿಯ ಚಿಹ್ನೆ ಎಡಕ್ಕೆ ಬರುತ್ತದೆ. ಬಲ, ಎಡಗಳನ್ನು ಗುರಾಣಿ ಹಿಡಿದವನ ಕಡೆಯಿಂದ ಎಣಿಸಬೇಕು. ನೋಡುವವರಿಗೆ ಅದು ತಿರುವುಮುರುವಾಗಿ ಕಾಣುತ್ತದೆ.

ಕಸುಬೂ ಲಾಂಛನವೇ

ಹತ್ತಿ ಗಿರಣಿಗಳಿಂದ ಹೆಸರಾಗಿದ್ದ ದಾವಣಗೆರೆಯಲ್ಲಿ ಹಲವು ಗಿರಣಿಗಳು ಮುಚ್ಚಿವೆ. ಅಜ್ಜ ದುಡಿದ ಗಿರಣಿ ಈಗಿಲ್ಲದಿದ್ದರೂ ಅರಳಿದ ಹತ್ತಿಕಾಯಿಯೊಂದು ಮೊಮ್ಮಕ್ಕಳಿಗೆ ಅದನ್ನು ನೆನಪಿಸಬಲ್ಲದು. ಮಂಡಕ್ಕಿ ಭಟ್ಟಿಯವರಿಗೆ ಒಲೆಯ ಉರಿ, ಹರಿಹರದವರಿಗೆ ತುಂಗಭದ್ರೆಯ ಅಲೆ ಒಪ್ಪುತ್ತವೆ. ಚಿಹ್ನೆಗಳು ಎರಡು ಮೂರಕ್ಕೆ ಮೀರದಿದ್ದರೆ ಚೆನ್ನ. ಹಳದಿ ಅಥವಾ ಬಿಳಿಯ ಮೇಲೆ ಕೆಂಪು, ನೀಲಿ, ಹಸಿರು, ಕಪ್ಪು ಬಣ್ಣದ ಚಿಹ್ನೆ ಬರೆದರೆ ದೂರಕ್ಕೂ ಕಾಣುತ್ತದೆ. ಹಳದಿಯ ಮೇಲೆ ಬಿಳಿ ಸಲ್ಲದು.

ಕಾನೂನಿನ ಎಚ್ಚರ

ಸರ್ಕಾರಿ ಲಾಂಛನದ ಅನುಕರಣೆ ಮಾಡಬಾರದು. ರಾಷ್ಟ್ರ ಲಾಂಛನದ ದುರ್ಬಳಕೆಯನ್ನು 2005ರ ಕಾಯ್ದೆ ತಡೆಯುತ್ತದೆ. ರಾಜ್ಯ ಸರ್ಕಾರದ ಲಾಂಛನವನ್ನು ಅನುಮತಿಯಿಲ್ಲದೆ ವ್ಯಾಪಾರ, ವೃತ್ತಿಗಳಿಗೆ ಬಳಸುವುದನ್ನು 1950ರ ಕಾಯ್ದೆ ನಿಷೇಧಿಸಿದೆ.

ಲಾಂಛನ ಬರೆಯುವ ಮುನ್ನ ಮನೆಯ ಹಿರಿಯರನ್ನು, ವಿಶೇಷವಾಗಿ ಅಜ್ಜಿಯರನ್ನು, ಅವರ ತವರಿನ ಬೆಡಗು ಯಾವುದೆಂದು ಕೇಳಿ ಬರೆದಿಟ್ಟುಕೊಳ್ಳುವುದು ಒಳಿತು. ಚಿತ್ರವನ್ನು ಯಾವಾಗಲಾದರೂ ಬರೆಯಬಹುದು. ಆ ಉತ್ತರ ಮಾತ್ರ ಅವರೊಂದಿಗೇ ಹೋಗಿಬಿಡುತ್ತದೆ.