ಅಪಿಯಾದ ಬೆಳಗಿನ ಪಂದ್ಯ: ಫಿಜಿ ಮತ್ತು ಪಶ್ಚಿಮ ಸಮೋವಾ, 1924

ಯುದ್ಧ, ಒಪ್ಪಂದ, ಆಡಳಿತ ಸುಧಾರಣೆ ಇವುಗಳನ್ನೇ ಇತಿಹಾಸದ ಮುಖ್ಯ ಸಾಮಗ್ರಿಯೆಂದು ಎಣಿಸುವ ವಾಡಿಕೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಆಟಪಾಟಗಳನ್ನು ವಿರಾಮಕಾಲದ ವಿನೋದವೆಂದು ಬದಿಗಿರಿಸುವುದೇ ಹೆಚ್ಚು. ಆದರೆ ಒಂದು ಜನಾಂಗವು ಸ್ವಂತ ರಾಜ್ಯವನ್ನು ಪಡೆಯುವುದಕ್ಕೆ ಮುಂಚೆಯೇ ತನ್ನ ನಾಡಿನ ಹೆಸರಿನಲ್ಲಿ ಒಂದು ತಂಡವನ್ನು ಕಣಕ್ಕಿಳಿಸಿದರೆ, ಅದನ್ನು ಬರಿಯ ವಿನೋದವೆಂದು ತಳ್ಳಿಹಾಕಬಹುದೆ? ಈ ಪ್ರಶ್ನೆಯ ಪರಿಶೀಲನೆಗೆ ಶಾಂತಸಾಗರದ ಎರಡು ಪುಟ್ಟ ದ್ವೀಪನಾಡುಗಳ ನಡುವೆ ನಡೆದ ಒಂದು ರಗ್ಬಿ ಪಂದ್ಯ ಉತ್ತಮ ನಿದರ್ಶನವಾಗಿದೆ.

ರಗ್ಬಿಯ ಪರಿಚಯವಿಲ್ಲದ ವಾಚಕರಿಗೆ ಎರಡು ಮಾತು. ಪಕ್ಷಕ್ಕೆ ಹದಿನೈದು ಮಂದಿ ಆಡುವ ಈ ಆಟದಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು. ಆದರೆ ಜೊತೆಗಾರನಿಗೆ ಎಸೆಯುವಾಗ ಮುಂದಕ್ಕೆ ಎಸೆಯಕೂಡದು. ಎದುರಾಳಿಯ ಗೆರೆಯನ್ನು ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ‘ಟ್ರೈ’ ಆಗುತ್ತದೆ. ಇಂದು ಇದಕ್ಕೆ 5 ಅಂಕಗಳು. 1924ರಲ್ಲಿ 3 ಮಾತ್ರ. ಆದುದರಿಂದ ಆ ಕಾಲದ ಅಂಕಗಳನ್ನು ಇಂದಿನ ಅಳತೆಗೋಲಿನಿಂದ ಅಳೆಯಲಾಗದು.

1924ರ ಆಗಸ್ಟ್ 18ರಂದು, ಸೋಮವಾರ, ಪಶ್ಚಿಮ ಸಮೋವಾದ ಮುಖ್ಯ ಪಟ್ಟಣವಾದ ಅಪಿಯಾದಲ್ಲಿ ಬೆಳಗ್ಗೆ 7 ಗಂಟೆಗೆ ಪಂದ್ಯ ಆರಂಭವಾಯಿತು. ಫಿಜಿಯ ತಂಡ ಟೋಂಗಾಕ್ಕೆ ಹೋಗುವ ದಾರಿಯಲ್ಲಿ ಇಲ್ಲಿ ಇಳಿದಿತ್ತು. ಎರಡು ನಾಡುಗಳಿಗೂ ಇದೇ ಮೊದಲನೆಯ ಅಧಿಕೃತ ಅಂತರರಾಷ್ಟ್ರೀಯ ಪಂದ್ಯ. ಮೈದಾನದ ನಡುಗೆರೆಯ ಮೇಲೆ ಒಂದು ದೊಡ್ಡ ಮರವಿತ್ತು. ಫಿಜಿ 6–0ರಿಂದ ಗೆದ್ದಿತು. ಸುಮಾರು ಒಂದು ತಿಂಗಳ ಅನಂತರ ನಡೆದ ಮರುಪಂದ್ಯದಲ್ಲಿ ಸಮೋವಾ 9–3ರಿಂದ ಗೆದ್ದು ಲೆಕ್ಕವನ್ನು ಸರಿಮಾಡಿತು.

ಈ ಎರಡು ತಂಡಗಳ ಹಿನ್ನೆಲೆಯನ್ನು ನೋಡೋಣ. ಫಿಜಿ 1874ರ ಅಕ್ಟೋಬರ್ 10ರಂದು ಬ್ರಿಟಿಷರ ಅಧೀನವಾಯಿತು. 1884ರಲ್ಲಿ ವಿಟಿ ಲೆವು ದ್ವೀಪದ ಬಾ ಎಂಬಲ್ಲಿ ಐರೋಪ್ಯರೂ ದೇಶೀಯ ಕಾವಲುಪಡೆಯ ಸಿಪಾಯಿಗಳೂ ರಗ್ಬಿಯಾಡಿದರು. ಅಲ್ಲಿಂದ ಆಟವು ಹಬ್ಬಿತು. 1913ರಲ್ಲಿ ಸ್ಥಾಪಿತವಾದ ರಗ್ಬಿ ಸಂಘ ಐರೋಪ್ಯರದು. ಅದೇ ವರ್ಷ ನ್ಯೂಜಿಲೆಂಡಿನ ತಂಡ ಕ್ಯಾಲಿಫೋರ್ನಿಯಾದಿಂದ ಹಿಂದಿರುಗುತ್ತ ಫಿಜಿಯಲ್ಲಿ ಆಡಿ 67–3ರಿಂದ ಗೆದ್ದಾಗ, ಎದುರಿಗಿದ್ದ ‘ಫಿಜಿ’ ತಂಡದವರೆಲ್ಲರೂ ಬಿಳಿಯರೇ. ದೇಶೀಯರಿಗಾಗಿ ಬೇರೊಂದು ಸಂಘ 1915ರಲ್ಲಿ ಹುಟ್ಟಿತು. ಹನ್ನೊಂದು ವರ್ಷಗಳೊಳಗೆ ಫಿಜಿಯ ಹೆಸರು ಬಿಳಿಯರಿಂದ ನಾಡವರ ಪಾಲಿಗೆ ಬಂದುದು ಗಮನಾರ್ಹ.

ಸಮೋವಾದ ಕಥೆ ಇದಕ್ಕಿಂತ ಕರುಣಾಜನಕ. ಜರ್ಮನಿಯ ವಸಾಹತಾಗಿದ್ದ ಪಶ್ಚಿಮ ಸಮೋವಾವನ್ನು 1914ರ ಆಗಸ್ಟಿನಲ್ಲಿ ನ್ಯೂಜಿಲೆಂಡಿನ ಸೇನೆ ವಶಪಡಿಸಿಕೊಂಡಿತು. ಮುಂದೆ ರಾಷ್ಟ್ರಸಂಘದ ಆದೇಶದ ಮೇರೆಗೆ ನ್ಯೂಜಿಲೆಂಡೇ ಅದನ್ನು ಆಳಿತು. 1918ರ ನವೆಂಬರ್ 7ರಂದು ಆಕ್ಲೆಂಡಿನಿಂದ ಬಂದ ‘ಟಲೂನ್’ ಎಂಬ ಹಡಗಿನಲ್ಲಿ ವಿಷಮಶೀತಜ್ವರದ ರೋಗಿಗಳಿದ್ದರು. ಅಧಿಕಾರಿಗಳು ಹಡಗನ್ನು ಪ್ರತ್ಯೇಕವಾಗಿ ತಡೆದಿರಿಸಲಿಲ್ಲ. ಕೆಲವೇ ವಾರಗಳಲ್ಲಿ ಸುಮಾರು 8,500 ಮಂದಿ, ಎಂದರೆ ಜನಸಂಖ್ಯೆಯ ಐದರಲ್ಲೊಂದು ಪಾಲಿಗೂ ಮಿಕ್ಕು, ಮೃತರಾದರು. ನೆರೆಯ ಅಮೆರಿಕನ್ ಸಮೋವಾದಲ್ಲಿ ಹಡಗುಗಳ ಮೇಲೆ ಕಟ್ಟುನಿಟ್ಟಾದ ನಿರ್ಬಂಧವಿದ್ದುದರಿಂದ ಈ ರೋಗದಿಂದ ಒಬ್ಬರೂ ಸಾಯಲಿಲ್ಲ. ಇದಾದ ಎರಡು ವರ್ಷಗಳಿಗೆ, 1920ರಲ್ಲಿ, ಮಾರಿಸ್ಟ್ ಪಂಥದ ಕ್ರೈಸ್ತ ಸಹೋದರರು ಅಲ್ಲಿಗೆ ರಗ್ಬಿಯನ್ನು ತಂದರು. 1924ರಲ್ಲಿ ಕಣಕ್ಕಿಳಿದ ತರುಣರು ಆ ಮಹಾಮಾರಿಯಿಂದ ಉಳಿದುಬಂದ ಪೀಳಿಗೆಯವರು ಎಂಬುದನ್ನು ಮರೆಯಲಾಗದು.

ಈಗ ಪಂದ್ಯದ ಹೊತ್ತನ್ನು ಕುರಿತು ಯೋಚಿಸಬಹುದು. ಮುಂಜಾನೆ ಏಳಕ್ಕೇ ಆಡಲು ಎರಡು ಕಾರಣಗಳನ್ನು ಹೇಳುತ್ತಾರೆ: ಸಮೋವಾದ ಆಟಗಾರರು ಅನಂತರ ಕೆಲಸಕ್ಕೆ ಹೋಗಬೇಕಾಗಿತ್ತು, ಫಿಜಿಯವರು ಹಡಗನ್ನು ಹಿಡಿಯಬೇಕಾಗಿತ್ತು. ಕೆಲಸದ ಗಂಟೆಯಾಗಲಿ ಹಡಗಿನ ಗಂಟೆಯಾಗಲಿ ಆಟಗಾರರ ವಶದಲ್ಲಿರಲಿಲ್ಲ. ಪರರು ಗೊತ್ತುಮಾಡಿದ ಎರಡು ವೇಳೆಗಳ ನಡುವಣ ಬಿಡುವಿನಲ್ಲಿ, ಮರವನ್ನೂ ಕಡಿಯದ ಬಯಲಿನಲ್ಲಿ, ಈ ಜನ ತಮ್ಮ ನಾಡಿನ ಹೆಸರನ್ನು ಮೊದಲ ಬಾರಿಗೆ ಕಣದಲ್ಲಿ ಹೊತ್ತರು. ಅದೇ 1924ರಲ್ಲಿ ಬ್ರಿಟನ್ನಿನ ಪ್ರವಾಸ ಕೈಕೊಂಡ ನ್ಯೂಜಿಲೆಂಡ್ ತಂಡ ಒಂದು ಪಂದ್ಯವನ್ನೂ ಸೋಲದೆ ಜಗದ್ವಿಖ್ಯಾತವಾಯಿತು. ಆಳುವವರ ಆಟಕ್ಕೂ ಆಳಿಸಿಕೊಳ್ಳುವವರ ಆಟಕ್ಕೂ ಇದ್ದ ಅಂತರ ಇದರಿಂದ ವ್ಯಕ್ತವಾಗುತ್ತದೆ.

ಆದರೆ ಈ ಪಂದ್ಯವನ್ನು ರಾಷ್ಟ್ರೀಯತೆಯ ನಿರ್ಮಲ ಉದಯವೆಂದು ವರ್ಣಿಸುವುದೂ ಸರಿಯಲ್ಲ. 1879ರಿಂದ 1916ರವರೆಗೆ ಅರುವತ್ತು ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಗಿರ್ಮಿಟ್ ಕರಾರಿನ ಮೇಲೆ ಫಿಜಿಯ ಕಬ್ಬಿನ ತೋಟಗಳಿಗೆ ಒಯ್ಯಲಾಗಿತ್ತು. 1903ರಿಂದ ಮದರಾಸಿನ ಬಂದರಿನಿಂದಲೂ ಹಡಗುಗಳು ಹೊರಟವು. ಉಳಿದ ಕರಾರುಗಳು ರದ್ದಾದುದು 1920ರ ಜನವರಿ 1ರಂದು. ದೇಶೀಯರನ್ನು ಹಳ್ಳಿಗಳಲ್ಲಿಯೂ ಭಾರತೀಯರನ್ನು ತೋಟಗಳಲ್ಲಿಯೂ ಬೇರೆಬೇರೆಯಾಗಿ ಇರಿಸಿದ ಆಡಳಿತನೀತಿ ಆಟದಲ್ಲಿಯೂ ಪ್ರತಿಫಲಿಸಿತು. ರಗ್ಬಿ ದೇಶೀಯರದಾಯಿತು, ಭಾರತೀಯರು ಕಾಲ್ಚೆಂಡಾಟವನ್ನು ಒಲಿದು 1938ರಲ್ಲಿ ತಮ್ಮದೇ ಸಂಘವನ್ನು ಕಟ್ಟಿಕೊಂಡರು. ಹೀಗೆ ‘ಫಿಜಿ’ ಎಂಬ ಹೆಸರಿನ ತಂಡದಲ್ಲಿ ಫಿಜಿಯ ಜನರ ಒಂದು ದೊಡ್ಡ ಭಾಗಕ್ಕೆ ಪಾಲಿರಲಿಲ್ಲ. ತಂಡವು ರಾಷ್ಟ್ರವನ್ನು ಒಗ್ಗೂಡಿಸಬಲ್ಲುದು. ಯಾರು ರಾಷ್ಟ್ರದವರು, ಯಾರು ಅಲ್ಲ ಎಂದು ಬೇರ್ಪಡಿಸಲೂ ಬಲ್ಲುದು.

ಮುಂದಿನ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳಬಹುದು. ಸಮೋವಾದಲ್ಲಿ ‘ಮೌ’ ಎಂಬ ಅಹಿಂಸಾತ್ಮಕ ಚಳವಳಿ ಬಲಗೊಂಡಿತು. 1929ರ ಡಿಸೆಂಬರ್ 28ರಂದು ಅಪಿಯಾದ ಬೀದಿಯಲ್ಲಿ ಪೊಲೀಸರು ಗುಂಡುಹಾರಿಸಿ, ನಾಯಕ ಟುಪುವಾ ಟಮಸೇಸೆ ಲೆಯಲೋಫಿ ಮೊದಲಾದವರು ಹತರಾದರು. ಸ್ವಾತಂತ್ರ್ಯ ಬಂದುದು 1962ರ ಜನವರಿ 1ರಂದು. ಫಿಜಿಗೆ 1970ರ ಅಕ್ಟೋಬರ್ 10ರಂದು. 1939ರಲ್ಲಿ ಫಿಜಿಯ ತಂಡ ನ್ಯೂಜಿಲೆಂಡಿನ ಪ್ರವಾಸದಿಂದ ಅಜೇಯವಾಗಿ ಮರಳಿತು. 1987ರ ಮೊದಲ ವಿಶ್ವಕಪ್ಪಿಗೆ ಆಹ್ವಾನವನ್ನೇ ಪಡೆಯದ ಪಶ್ಚಿಮ ಸಮೋವಾ, 1991ರ ಅಕ್ಟೋಬರ್ 6ರಂದು ಕಾರ್ಡಿಫಿನಲ್ಲಿ ವೇಲ್ಸ್ ತಂಡವನ್ನು 16–13ರಿಂದ ಸೋಲಿಸಿತು. 2016ರಲ್ಲಿ ಫಿಜಿ ಪಡೆದ ಮೊದಲ ಒಲಿಂಪಿಕ್ ಪದಕ ಏಳು ಮಂದಿಯ ರಗ್ಬಿಯಲ್ಲಿ ಬಂದ ಚಿನ್ನ. ಅಂತಿಮ ಪಂದ್ಯದಲ್ಲಿ 43–7ರಿಂದ ಸೋತದ್ದು ಬ್ರಿಟನ್. 1918ರ ದುರಂತಕ್ಕೂ 1929ರ ಗೋಳಿಬಾರಿಗೂ ನ್ಯೂಜಿಲೆಂಡಿನ ಪ್ರಧಾನಿ 2002ರಲ್ಲಿ ಸಮೋವಾದ ಕ್ಷಮೆ ಕೇಳಿದರು.

ಇವೆಲ್ಲಕ್ಕೂ 1924ರ ಪಂದ್ಯವೇ ಕಾರಣವೆಂದು ಹೇಳುವುದು ಅತಿಶಯೋಕ್ತಿ. ಚೆಂಡಿನ ಹಿಂದೆ ಓಡಿದವರು ರಾಜ್ಯಶಾಸ್ತ್ರವನ್ನು ಚರ್ಚಿಸಲು ನೆರೆದಿರಲಿಲ್ಲ. ಆದರೆ ಅವರೆಲ್ಲರೂ ಪರರ ಪ್ರಜೆಗಳಾಗಿದ್ದ ಕಾಲದಲ್ಲಿ ಫಿಜಿ ಎಂಬ ಹೆಸರಿಗೂ ಸಮೋವಾ ಎಂಬ ಹೆಸರಿಗೂ ಅಂದು ಬೆಳಗ್ಗೆ ಸೋಲುಗೆಲುವುಗಳ ಜವಾಬ್ದಾರಿ ಬಂದಿತು. ರಾಷ್ಟ್ರಗಳ ಇತಿಹಾಸವನ್ನು ಸ್ವಾತಂತ್ರ್ಯದ ದಿನಾಂಕದಿಂದಲೇ ಪ್ರಾರಂಭಿಸುವ ನಮ್ಮ ಅಭ್ಯಾಸವನ್ನು ಸಡಿಲಿಸಲು ಇಂತಹ ಸಣ್ಣ ಸಂಗತಿಗಳ ಅಧ್ಯಯನ ನೆರವಾಗುತ್ತದೆ.