ಹೆಸರು ತರುವ ಮೊದಲ ನಾಣ್ಯ: ಸ್ಟಾರ್ ವಾರ್ಸ್ ಆಟಯಂತ್ರಗಳ ಲೆಕ್ಕಾಚಾರ

ಪ್ರಸಿದ್ಧ ಹೆಸರೊಂದನ್ನು ಪರವಾನಗಿಯ ಮೇಲೆ ಪಡೆದು ಸರಕಿಗೆ ಅಂಟಿಸಿದರೆ ವ್ಯಾಪಾರ ತಾನಾಗಿಯೇ ನಡೆಯುತ್ತದೆ ಎಂಬ ನಂಬಿಕೆ ಮಾರುಕಟ್ಟೆಯಲ್ಲಿ ಬಹಳ ಹಳೆಯದು. ಈ ನಂಬಿಕೆಯಲ್ಲಿ ಎಷ್ಟು ನಿಜವಿದೆ, ಎಷ್ಟು ಅಪಾಯವಿದೆ ಎಂಬುದನ್ನು ಅಳೆಯಲು ಅಮೆರಿಕದ ನಾಣ್ಯಚಾಲಿತ ವಿಡಿಯೋ ಆಟಗಳ ಉದ್ಯಮವು ಉತ್ತಮ ನಿದರ್ಶನವಾಗಿದೆ. ಅದರಲ್ಲಿಯೂ ‘ಸ್ಟಾರ್ ವಾರ್ಸ್’ ಚಲನಚಿತ್ರ ಸರಣಿಯನ್ನು ಆಧರಿಸಿದ ಆಟಯಂತ್ರಗಳ ಕಥೆ ವರ್ತಕರೂ ಸಣ್ಣ ಉತ್ಪಾದಕರೂ ಗಮನಿಸಬೇಕಾದದ್ದು.

ಈ ಸರಣಿಯ ಮೊದಲ ಚಿತ್ರ 1977ರ ಮೇ ತಿಂಗಳಿನಲ್ಲಿ ತೆರೆಕಂಡಿತು. ಚಿತ್ರದ ಹೆಸರಿನಲ್ಲಿ ಸರಕುಗಳನ್ನು ಮಾರುವ ಹಕ್ಕನ್ನು ನಿರ್ದೇಶಕ ಜಾರ್ಜ್ ಲ್ಯೂಕಾಸ್ ತಮ್ಮಲ್ಲಿಯೇ ಉಳಿಸಿಕೊಂಡಿದ್ದರು. ಮುಂದೆ ಆಟಿಕೆಗಳಿಂದ ಆಟಯಂತ್ರಗಳವರೆಗೆ ಯಾರೇ ಈ ಹೆಸರನ್ನು ಬಳಸಬೇಕಾದರೂ ಶುಲ್ಕ ತೆರಬೇಕಾಯಿತು. ಅಟಾರಿ ಕಂಪನಿಯು ಪರವಾನಗಿ ಪಡೆದು 1983ರಲ್ಲಿ ‘ಸ್ಟಾರ್ ವಾರ್ಸ್’ ಆಟಯಂತ್ರವನ್ನು ಮಾರುಕಟ್ಟೆಗೆ ತಂದಿತು.

ಆಟದ ಸ್ವರೂಪ

ನಿಂತು ಆಡುವ ಪೆಟ್ಟಿಗೆ ಮತ್ತು ಒಳಗೆ ಕುಳಿತು ಆಡುವ ವಿಮಾನಕೋಣೆ ಎಂಬ ಎರಡು ಮಾದರಿಗಳಲ್ಲಿ ಈ ಯಂತ್ರ ದೊರೆಯುತ್ತಿತ್ತು. ಆಟಗಾರನು ನಾಣ್ಯ ಹಾಕಿ, ವಿಮಾನದ ಚುಕ್ಕಾಣಿಯಂತಹ ಹಿಡಿಕೆಯನ್ನು ಎರಡೂ ಕೈಗಳಿಂದ ಹಿಡಿಯುತ್ತಾನೆ. ಮೊದಲು ಬಾಹ್ಯಾಕಾಶದಲ್ಲಿ ಶತ್ರುನೌಕೆಗಳೊಡನೆ ಕಾದಾಟ. ಮೇಲಿನ ಸುತ್ತುಗಳಲ್ಲಿ ‘ಡೆತ್ ಸ್ಟಾರ್’ ಎಂಬ ಗೋಳದ ಮೇಲ್ಮೈಯ ಗೋಪುರಗಳೊಡನೆ ಹೋರಾಟ. ಕೊನೆಗೆ ಕಿರಿದಾದ ಕಂದಕದಲ್ಲಿ ಹಾರಿ ಗುರಿ ಹೊಡೆಯುವುದು. ಗೋಳ ಸಿಡಿದೊಡನೆ ಆಟ ಮೊದಲಿನಿಂದ, ಇನ್ನಷ್ಟು ಕಠಿಣವಾಗಿ, ಆರಂಭವಾಗುತ್ತದೆ. ಬಣ್ಣದ ಗೆರೆಗಳಿಂದಲೇ ಮೂಡುವ ಚಿತ್ರಗಳು ಮತ್ತು ಚಲನಚಿತ್ರದಿಂದಲೇ ತೆಗೆದ ನಟರ ಧ್ವನಿಗಳು ಅಂದಿನ ಕಾಲಕ್ಕೆ ಹೊಸ ಅನುಭವವಾಗಿದ್ದವು.

ಆದರೆ ಇದನ್ನೆಲ್ಲ ಈ ಚಿತ್ರಕ್ಕಾಗಿಯೇ ಬುಡದಿಂದ ಕಟ್ಟಿದ್ದಲ್ಲ ಎಂಬುದು ಗಮನಾರ್ಹ. ಬಾಹ್ಯಾಕಾಶ ಯುದ್ಧದ ಆಟವೊಂದರ ಕೆಲಸ ‘ವಾರ್ಪ್ ಸ್ಪೀಡ್’ ಎಂಬ ಹೆಸರಿನಲ್ಲಿ ಅಟಾರಿಯಲ್ಲಿ ಮೊದಲೇ ನಡೆದಿತ್ತು. ಆ ಹಿಡಿಕೆಯ ಮೂಲ, ಅಮೆರಿಕದ ಸೈನ್ಯದ ತರಬೇತಿಗೆಂದು ಅದೇ ಕಂಪನಿ ರೂಪಿಸಿದ್ದ ಯಂತ್ರದಲ್ಲಿದೆ. ಅಂದರೆ ಕೈಯಲ್ಲಿದ್ದ ಗಟ್ಟಿ ಸರಕಿಗೆ ಹೆಸರು ಬಂದು ಸೇರಿತು.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ಅದೇ ಕಂಪನಿಯದು. ಮನೆಯಲ್ಲಿ ಆಡುವ ‘ಇ.ಟಿ.’ ಚಿತ್ರದ ಆಟಕ್ಕೆ ಅಟಾರಿ ಭಾರಿ ಮೊತ್ತದ ಪರವಾನಗಿ ಶುಲ್ಕ ಒಪ್ಪಿಕೊಂಡಿತು. 1982ರ ಕ್ರಿಸ್‌ಮಸ್ ಮಾರಾಟಕ್ಕೆ ಮುಟ್ಟಿಸಬೇಕೆಂದು ಆಟವನ್ನು ಸುಮಾರು ಐದು ವಾರಗಳಲ್ಲಿ ತಯಾರಿಸಲಾಯಿತು. ಬೇಡಿಕೆಗೆ ಮೀರಿ ಉತ್ಪಾದಿಸಿದ ಸರಕು ಉಳಿಯಿತು. ಮಾರಾಟವಾಗದ ಅನೇಕ ಕಾರ್ಟ್ರಿಜ್‌ಗಳು 1983ರಲ್ಲಿ ನ್ಯೂ ಮೆಕ್ಸಿಕೋದ ಕಸದ ಗುಂಡಿಯೊಂದನ್ನು ಸೇರಿದವು. 2014ರಲ್ಲಿ ಅವುಗಳಲ್ಲಿ ಕೆಲವನ್ನು ಅಗೆದು ಹೊರತೆಗೆಯಲಾಯಿತು.

ನಿಮಿಷಗಳ ಲೆಕ್ಕ

ನಾಣ್ಯಚಾಲಿತ ವ್ಯಾಪಾರದಲ್ಲಿ ಪಾಲುದಾರರು ಮೂವರು: ಯಂತ್ರದ ಉತ್ಪಾದಕ, ಅದನ್ನು ಖರೀದಿಸುವ ಆಪರೇಟರ್, ಜಾಗ ಕೊಡುವ ಅಂಗಡಿಯವನು. ಹೆಚ್ಚಿನ ಅಪಾಯ ನಡುವಿನವನದು. ಯಂತ್ರದ ಬೆಲೆ ಎಷ್ಟೇ ಇರಲಿ, ಅಂದು ಗಿರಾಕಿ ಸಾಮಾನ್ಯವಾಗಿ ಹಾಕುತ್ತಿದ್ದುದು 25 ಸೆಂಟ್‌ಗಳ ನಾಣ್ಯ.

ಉದಾಹರಣೆಗಾಗಿ, ಯಂತ್ರದ ಬೆಲೆ 3,000 ಡಾಲರ್ ಎಂದೂ, ಪ್ರತಿ ಆಟಕ್ಕೆ 3 ನಿಮಿಷ ಎಂದೂ ಭಾವಿಸೋಣ. ಗಂಟೆಗೆ 20 ಆಟ, 5 ಡಾಲರ್ ಗಳಿಕೆ. ದಿನಕ್ಕೆ 4 ಗಂಟೆ ಯಂತ್ರ ಬಿಡುವಿಲ್ಲದೆ ನಡೆದರೆ 20 ಡಾಲರ್. ಅರ್ಧ ಪಾಲು ಅಂಗಡಿಯವನಿಗೆ ಹೋದರೆ ಆಪರೇಟರ್‌ಗೆ ಉಳಿಯುವುದು 10 ಡಾಲರ್. ದುರಸ್ತಿ, ಬಡ್ಡಿ, ಸವಕಳಿಗಳನ್ನು ಬಿಟ್ಟರೂ ಅಸಲು ಮರಳಲು 300 ದಿನ ಬೇಕು. ಆಟಗಾರರು ಪಳಗಿ ಪ್ರತಿ ಆಟ 6 ನಿಮಿಷಕ್ಕೆ ಏರಿದರೆ ಅದೇ ಅಸಲಿಗೆ 600 ದಿನ!

ಇದು ಕಾಗದದ ಮೇಲಿನ ಆತಂಕವಷ್ಟೇ ಅಲ್ಲ. 1984ರಲ್ಲಿ ರಾಬರ್ಟ್ ಮ್ರುಝೆಕ್ ಎಂಬ ಆಟಗಾರ ಒಂದೇ ನಾಣ್ಯದ ಆಟವನ್ನು 49 ಗಂಟೆಗಳ ಕಾಲ ಮುಂದುವರಿಸಿ 30 ಕೋಟಿಗೂ ಮೀರಿದ ಅಂಕಗಳನ್ನು ಗಳಿಸಿದರು. ಆಟಗಾರನಿಗೆ ಅದು ದಾಖಲೆ; ಯಂತ್ರದ ಲೆಕ್ಕದಲ್ಲಿ 49 ಗಂಟೆಗಳ ದುಡಿಮೆಗೆ 25 ಸೆಂಟ್.

ಈ ಸಮಸ್ಯೆಯನ್ನು ತಕ್ಕಮಟ್ಟಿಗೆ ತಗ್ಗಿಸುವ ಸಾಧನಗಳು ಯಂತ್ರದಲ್ಲಿಯೇ ಇದ್ದವು. ಪೆಟ್ಟು ತಾಳುವ ‘ಕವಚ’ಗಳು ಎಷ್ಟಿರಬೇಕು, ಆಟ ಎಷ್ಟು ಕಠಿಣವಾಗಿರಬೇಕು ಎಂಬುದನ್ನು ಆಪರೇಟರ್ ಒಳಗಿನ ಸ್ವಿಚ್‌ಗಳಿಂದ ನಿಗದಿಪಡಿಸಬಹುದಿತ್ತು. ಕಠಿಣ ಸುತ್ತಿನಿಂದಲೇ ಆರಂಭಿಸುವವರಿಗೆ ಹೆಚ್ಚುವರಿ ಅಂಕಗಳ ಆಮಿಷವಿತ್ತು. ಹೀಗೆ ಪಳಗಿದ ಗಿರಾಕಿ ಸುಲಭದ ಸುತ್ತುಗಳಲ್ಲಿ ಯಂತ್ರವನ್ನು ಹಿಡಿದಿಡುವುದು ತಪ್ಪುತ್ತಿತ್ತು; ಅವನಿಗೂ ಅಸಮಾಧಾನವಿರಲಿಲ್ಲ.

ಹಳೆಯ ಪೆಟ್ಟಿಗೆಗೆ ಹೊಸ ಆಟ

ಅಷ್ಟರಲ್ಲಿ ಅಮೆರಿಕದ ವಿಡಿಯೋ ಆಟಗಳ ಮಾರುಕಟ್ಟೆ ಕುಸಿದಿತ್ತು. 1984ರಲ್ಲಿ ಅಟಾರಿಯ ಒಡೆತನ ಹೊಂದಿದ್ದ ವಾರ್ನರ್ ಸಂಸ್ಥೆಯು ಮನೆಬಳಕೆಯ ಆಟ ಮತ್ತು ಕಂಪ್ಯೂಟರ್ ವಿಭಾಗವನ್ನು ಮಾರಿತು. ನಾಣ್ಯಚಾಲಿತ ವಿಭಾಗ ‘ಅಟಾರಿ ಗೇಮ್ಸ್’ ಆಗಿ ಮುಂದುವರಿಯಿತು. ಅದೇ ವರ್ಷ ‘ರಿಟರ್ನ್ ಆಫ್ ದಿ ಜೆಡೈ’ ಆಟ ಬೇರೆಯೇ ಬಗೆಯ ಯಂತ್ರದಲ್ಲಿ ಬಂದಿತು. ಆದರೆ 1985ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಆಟವನ್ನು 1983ರ ಯಂತ್ರಕ್ಕೇ ಅಳವಡಿಸುವ ಪರಿವರ್ತನಾ ಕಿಟ್ ರೂಪದಲ್ಲಿ ನೀಡಲಾಯಿತು. ಪೆಟ್ಟಿಗೆ, ಪರದೆ, ಹಿಡಿಕೆ ಎಲ್ಲವೂ ಹಳೆಯವೇ. ಆಟ ಮಾತ್ರ ಹೊಸದು. ಹೊಸ ಯಂತ್ರಕ್ಕೆ ಬಂಡವಾಳ ಹೂಡಲಾಗದ ಆಪರೇಟರ್‌ಗೆ ಹಳೆಯ ಹೂಡಿಕೆಯಿಂದಲೇ ಮತ್ತಷ್ಟು ದುಡಿಸಿಕೊಳ್ಳುವ ದಾರಿ ಇದರಿಂದ ದೊರೆಯಿತು.

ನಂತರ ಸೆಗಾ ಕಂಪನಿಯು 1993, 1998 ಮತ್ತು 2000ದಲ್ಲಿ ಇದೇ ಸರಣಿಯ ಆಟಯಂತ್ರಗಳನ್ನು ತಂದಿತು. 2014ರಲ್ಲಿ ಬಂದೈ ನಾಮ್ಕೋ ಪ್ರಕಟಿಸಿದ ‘ಬ್ಯಾಟಲ್ ಪಾಡ್’ ಯಂತ್ರದಲ್ಲಿ ಆಟಗಾರನನ್ನು ಸುತ್ತುವರಿಯುವ ಗುಮ್ಮಟದಂತಹ ಪರದೆಯಿತ್ತು. ಮನೆಯಲ್ಲಿ ಸಿಗುವುದನ್ನೇ ಅಂಗಡಿಯಲ್ಲಿ ಕೊಟ್ಟರೆ ಗಿರಾಕಿ ನಾಣ್ಯ ಹಾಕುವುದಿಲ್ಲ ಎಂಬುದನ್ನು ಉತ್ಪಾದಕರು ಅರಿತಿದ್ದರು. ತಯಾರಕರು ಬದಲಾಗುತ್ತಲೇ ಇದ್ದರೂ ಹೆಸರಿನ ಮೌಲ್ಯ ಕುಂದಲಿಲ್ಲ. 2012ರಲ್ಲಿ ಡಿಸ್ನಿ ಸಂಸ್ಥೆ ಲ್ಯೂಕಾಸ್‌ಫಿಲ್ಮ್ ಅನ್ನು ಸುಮಾರು 405 ಕೋಟಿ ಡಾಲರ್‌ಗೆ ಖರೀದಿಸುವ ಒಪ್ಪಂದ ಮಾಡಿಕೊಂಡಿತು.

ಹೆಸರು ಮೊದಲ ನಾಣ್ಯವನ್ನು ತರುತ್ತದೆ. ಎರಡನೆಯದನ್ನು ಸರಕೇ ತರಬೇಕು. ಆದ್ದರಿಂದ ಪರವಾನಗಿ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಮೂರು ಅಂಶಗಳನ್ನು ಪರಿಶೀಲಿಸುವುದು ಕ್ಷೇಮ. ಹೆಸರನ್ನು ತೆಗೆದರೂ ಸರಕು ಮಾರಾಟವಾಗುವಷ್ಟು ಗಟ್ಟಿಯಾಗಿದೆಯೇ? ಮಾರಾಟ ನಡೆಯದಿದ್ದರೂ ತೆರಲೇಬೇಕಾದ ಕನಿಷ್ಠ ಶುಲ್ಕ ಎಷ್ಟು? ಅವಧಿ ಮುಗಿದ ಮೇಲೆ ಅಚ್ಚು, ಯಂತ್ರ, ಉಳಿದ ದಾಸ್ತಾನು ಬೇರೆ ಉಪಯೋಗಕ್ಕೆ ಬರುತ್ತವೆಯೇ? ಈ ಮೂರಕ್ಕೂ ಅಂಕಿಗಳಲ್ಲಿ ಉತ್ತರ ದೊರೆತ ನಂತರವೇ ಮುಂಗಡ ಪಾವತಿಸುವುದು ಸೂಕ್ತ.