ನೆಲ ಬಿಡದ ವಿಮಾನ

ಇರಕಲ್ಲಗಡದಲ್ಲಿ ವಿಮಾನವಿಳಿಯದು. ಆದರೂ ಮನೆಯ ಪಡಸಾಲೆಯಲ್ಲಿ ವಿಮಾನದ ಕಾಕ್‌ಪಿಟ್ಟೊಂದನ್ನು ರಚಿಸಬಯಸುವ ವಿದ್ಯಾರ್ಥಿಗೆ ನಾವು ಮೊದಲು ತೋರಿಸುವುದು ಭಜನೆಯ ಹಾರ್ಮೋನಿಯಮ್ಮಿನ ತಿದಿಯನ್ನು. ಅಮೆರಿಕದ ಬಿಂಗ್‌ಹ್ಯಾಮ್ಟನ್ನಿನಲ್ಲಿ ಎಡ್ವಿನ್ ಲಿಂಕ್ ಎಂಬ ತರುಣನು ತಂದೆಯ ಆರ್ಗನ್ ಕಾರ್ಖಾನೆಯ ತಿದಿಗಳ ಮೇಲೆಯೇ ಮರದ ಪುಟ್ಟ ವಿಮಾನವನ್ನು ಕೂರಿಸಿ, 1929ರಲ್ಲಿ ಹಾರಾಟ ಕಲಿಸುವ ಯಂತ್ರವನ್ನು ರಚಿಸಿದನು. ಮೊದಮೊದಲು ಅದನ್ನು ಕೊಂಡವರು ವಿನೋದೋದ್ಯಾನಗಳವರು! 1934ರಲ್ಲಿ ಅಂಚೆ ಸಾಗಿಸುತ್ತಿದ್ದ ಸೈನಿಕ ವೈಮಾನಿಕರು ಕೆಟ್ಟ ಹವೆಯಲ್ಲಿ ಸಿಲುಕಿ ಮಡಿದ ಬಳಿಕ ಸೈನ್ಯವು 6 ಯಂತ್ರಗಳನ್ನು ಕೊಂಡಿತು.

ದಿಗಂತವು ಕಾಣದಾಗ ವೈಮಾನಿಕನು ಮೋಸಹೋಗುವುದೇಕೆ? ಒಳಗಿವಿಯು ವಾಲುವಿಕೆಯನ್ನೂ ವೇಗೋತ್ಕರ್ಷವನ್ನೂ ಬೇರೆಬೇರೆಯಾಗಿ ಗುರುತಿಸಲಾರದು. ಮೋಡದಲ್ಲಿ ಪ್ರಾಣ ತೆಗೆಯುವ ಈ ದೌರ್ಬಲ್ಯವೇ ಪಡಸಾಲೆಯಲ್ಲಿ ನಮಗೆ ನೆರವು. ಕುರ್ಚಿಯನ್ನು 10 ಡಿಗ್ರಿ ಹಿಂದಕ್ಕೆ ವಾಲಿಸಿರಿ. ದೇಹದ ತೂಕದ ಸುಮಾರು ಆರರಲ್ಲೊಂದು ಪಾಲು ಬೆನ್ನಿನ ಮೇಲೆ ಬೀಳುತ್ತದೆ. ಎದುರಿನ ಪರದೆಯಲ್ಲಿ ಓಡುದಾರಿಯು ಹಿಂದೆ ಸರಿಯುತ್ತಿದ್ದರೆ, ವಿಮಾನವು ಮುನ್ನುಗ್ಗುತ್ತಿದೆಯೆಂದೇ ಮನಸ್ಸು ನಂಬುತ್ತದೆ. ಆದರೆ ವಾಲಿಕೆಯ ವೇಗವು ಸೆಕೆಂಡಿಗೆ ಸುಮಾರು 3 ಡಿಗ್ರಿಯನ್ನು ಮೀರಿದರೆ ಕಿವಿಯ ಅರ್ಧವೃತ್ತ ನಾಳಗಳು ಗುಟ್ಟನ್ನು ಬಯಲುಮಾಡುತ್ತವೆ. ಆದುದರಿಂದ ವೇಗದ ಮೋಟಾರಿಗಿಂತ ನಿಧಾನದ ಮೋಟಾರೇ ಲೇಸೆಂಬುದು ನಮ್ಮ ಅನಿಸಿಕೆ. ಪರದೆಯನ್ನು ಗೋಡೆಗೆ ತೂಗುಹಾಕದೆ ಕುರ್ಚಿಯ ಹಲಗೆಗೇ ಬಿಗಿಯಿರಿ. ಇಲ್ಲವಾದರೆ ಕಣ್ಣೇ ಚಾಡಿ ಹೇಳುವುದು.